ಸ್ಪ್ರಿಂಕ್ಲರ್ ಮಳೆಗೆ ಎದ್ದ ಲಿಲ್ಲಿ

ನನ್ನ ಲಿಲ್ಲಿ ಹೂಗಳನ್ನು ಅಮ್ಮ ಫೋನಿನಲ್ಲಿ ಮಾತ್ರ ನೋಡಿದ್ದಳು. ಕಕ್ಕಬೆಯ ಕಾಫಿ ತೋಟದೊಳಗಿನ ನಮ್ಮ ಮನೆಯ ಅಂಗಳದಂಚಿಗೆ ಉದ್ದಕ್ಕೂ ಮಳೆಲಿಲ್ಲಿಯ ಪಾತಿ ಇದೆ. ಈರುಳ್ಳಿಯಂಥ ಪುಟ್ಟ ಗೆಡ್ಡೆ, ಹುಲ್ಲಿನಂಥ ಎಲೆ. ಬೇಸಿಗೆಯ ಮೊದಲ ಮಳೆ ಬಿದ್ದು ಮೂರು ನಾಲ್ಕು ದಿನಕ್ಕೆ ಇಡೀ ಪಾತಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಮ್ಮ ಬರುವುದು ಮಾತ್ರ ಅದಕ್ಕೂ ಮೊದಲೇ, ಶಿವರಾತ್ರಿ ಕಳೆದ ಕೂಡಲೇ. ಅರಸೀಕೆರೆ ಕಡೆಯವಳು. ಬಂದವಳೇ ಪಾತಿಯ ಮುಂದೆ ನಿಂತು, "ಎಲ್ಲವ್ವಾ ನಿನ್ನ ಹೂವು? ಇಂಥ ಒಣಮಣ್ಣು ನಮ್ಮೂರಲ್ಲೇ ಬೇಕಾದಷ್ಟು ಐತಲ್ಲ!" ಎಂದು ರೇಗಿಸುತ್ತಾಳೆ. ಮೂರು ರಾತ್ರಿ ಇದ್ದು ಹೊರಟುಬಿಡುತ್ತಾಳೆ. ಮಗಳ ಮನೆಯಲ್ಲಿ ಅದಕ್ಕಿಂತ ಹೆಚ್ಚು ಉಳಿಯಬಾರದು ಎಂಬುದು ಅವಳೇ ಮಾಡಿಕೊಂಡ ಕಾನೂನು. ಅತ್ತು ನೋಡಿದ್ದೇನೆ, ಜಗಳವಾಡಿ ನೋಡಿದ್ದೇನೆ, ಜಗ್ಗಿಲ್ಲ.

ಈ ವರ್ಷ ನಾನೂ ಹಟ ಹಿಡಿದೆ. ಹೂವು ನೋಡದೆ ಅವಳು ಹೋಗಕೂಡದು. ಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಕಿ ಕಾಫಿಯನ್ನು ಹೂಬಿಡಿಸುತ್ತೇವಲ್ಲ, ಲಿಲ್ಲಿಗೆ ಯಾಕಾಗಬಾರದು? ಕೊಡದಲ್ಲಿ ನೀರು ಹೊಯ್ದು ಹಿಂದಿನ ವರ್ಷ ನೋಡಿದ್ದೆ. ಬರೀ ಎಲೆ ಬಂತು. ಗೆಡ್ಡೆ ಚೆನ್ನಾಗಿ ಒಣಗಿರಬೇಕು, ಆಮೇಲೆ ಮೇಲಿನಿಂದ ಮಳೆಯ ಹಾಗೆ ಗಂಟೆಗಟ್ಟಲೆ ಬೀಳಬೇಕು. ಅದಕ್ಕೇ ಕಾಫಿ ಕೊಯ್ಲು ಶುರುವಾದಾಗಿನಿಂದ ಪಾತಿಯನ್ನು ಒಣಗಿಸಿದೆ. ಕೈ ತೊಳೆದ ನೀರೂ ಅತ್ತ ಚೆಲ್ಲಬಾರದೆಂದು ಮನೆಯವರಿಗೆಲ್ಲ ತಾಕೀತು ಮಾಡಿದೆ.

ಅಮ್ಮ ಬರುವ ದಿನ ಬೆಳಿಗ್ಗೆ ಗಂಡನ ಮುಂದೆ ಮಾತೆತ್ತಿದೆ. ಅವರು ಪೈಪು ಹೆಗಲ ಮೇಲಿಟ್ಟುಕೊಂಡೇ ನಿಂತರು.

"ಕೆರೆಯಲ್ಲಿ ತಳ ಕಾಣ್ತಾ ಉಂಟು. ಕಾಫಿಗೇ ಸಾಲುದಿಲ್ಲ, ನಿನ್ನ ಲಿಲ್ಲಿಗೆ ಎಂಥ ಸ್ಪ್ರಿಂಕ್ಲರ್ ಮಾರಾಯ್ತಿ?"

"ನಿಮ್ಮ ಕಾಫಿ ಹೂ ನೋಡಲಿಕ್ಕೆ ಊರೂರಿಂದ ಟೂರಿಸ್ಟ್‌ಗಳು ಬರ್ತಾರೆ. ನನ್ನ ಹೂ ನೋಡಲಿಕ್ಕೆ ಬರುದು ಒಬ್ಬಳೇ."

ಅವರು ಪೈಪು ಹೊತ್ತುಕೊಂಡು ತೋಟಕ್ಕೆ ನಡೆದೇಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತ್ತು. ಮಧ್ಯಾಹ್ನ ಅಮ್ಮನ ಆಟೋ ಗೇಟಿನೊಳಗೆ ಬರುವುದಕ್ಕೂ, ಅಂಗಳದ ಪಕ್ಕದ ಸಾಲಿನಲ್ಲಿ ಗಂಡ ತಂದಿಟ್ಟ ಸ್ಪ್ರಿಂಕ್ಲರ್ ಜೆಟ್ ಚಟಚಟನೆ ತಿರುಗಲು ಶುರುವಾಗುವುದಕ್ಕೂ ಸರಿಹೋಯಿತು. ನೀರು ಕಾಫಿಯ ಮೇಲೆ ಬಿದ್ದು, ಸುತ್ತಿ ಬಂದು ನನ್ನ ಪಾತಿಯ ಮೇಲೆ ಬಿತ್ತು, ಇಳಿಯುತ್ತಿದ್ದ ಅಮ್ಮನ ಮೇಲೂ ಬಿತ್ತು. "ಅಯ್ಯೋ, ಬಿಸಿಲಲ್ಲಿ ಮಳೆ!" ಎಂದು ಅವಳು ಚೀಲ ತಲೆ ಮೇಲಿಟ್ಟುಕೊಂಡು ಓಡಿದಳು. ನಾನು ಒದ್ದೆಯಾಗುತ್ತಾ ನಿಂತಲ್ಲೇ ಕುಣಿದೆ. ಅಷ್ಟು ಖುಷಿ ನನಗೆ.

ಆಮೇಲೆ ಶುರುವಾಯಿತು ನೋಡಿ ನನ್ನ ಪೇಚಾಟ. ಹೊತ್ತುಹೊತ್ತಿಗೂ ಹೋಗಿ ಬಗ್ಗಿ ನೋಡುವುದೇ ಕೆಲಸ. ಮರುದಿನ ಏನೂ ಇಲ್ಲ. ಅದರ ಮರುದಿನವೂ ಇಲ್ಲ. "ಮೊಟ್ಟೆಗೆ ಕೂರಿಸಿದ ಕೋಳಿ ಕಾಯ್ದಂಗೆ ಕಾಯ್ತೀಯಲ್ಲೇ!" ಎಂದು ಅಮ್ಮ ನಕ್ಕಳು. ನನಗೆ ನಗು ಬರಲಿಲ್ಲ. ಅವಳು ಆಗಲೇ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು.

ಹೊರಡುವ ದಿನ ಬೆಳಕು ಹರಿಯುವಾಗಲೇ ಓಡಿದೆ. ಎದ್ದಿದ್ದವು! ಪಾತಿಯ ತುಂಬ ನೆಟ್ಟಗೆ ನಿಂತ ದಂಟು, ತುದಿಯಲ್ಲಿ ಕೆಂಪು ಮೊಗ್ಗು. "ಅಮ್ಮಾ!" ಎಂದು ಕೂಗಿದ ರಭಸಕ್ಕೆ ಗಂಡನೂ ಹೊರಗೆ ಬಂದರು. ಆದರೆ ಎಲ್ಲವೂ ಬಿಗಿಯಾಗಿ ಮುಚ್ಚಿದ್ದವು. ಬಿಸಿಲು ಏರದೆ ಈ ಹೂವು ಬಾಯಿ ಬಿಡುವುದಿಲ್ಲ, ವಿರಾಜಪೇಟೆಯ ಬಸ್ಸು ಬಿಸಿಲಿಗೆ ಕಾಯುವುದಿಲ್ಲ.

ಅಮ್ಮ ಪ್ರಯಾಣದ ರೇಷ್ಮೆ ಸೀರೆಯಲ್ಲೇ ಪಾತಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ಒಂದು ಮೊಗ್ಗನ್ನು ಬೆರಳ ತುದಿಯಿಂದ ಮುಟ್ಟಿದಳು.

"ಇವು ಅರಳಾದು ಎಷ್ಟೊತ್ತಿಗೆ?"

"ಹತ್ತು ಗಂಟೆ ಆಗತ್ತಮ್ಮ."

ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿತು. ಗಂಡ ಚೀಲ ಎತ್ತಿಕೊಂಡರು. ಅಮ್ಮ ಎದ್ದು, ಅವರ ಕೈಯಿಂದ ಚೀಲ ತೆಗೆದುಕೊಂಡು ಒಳಗೆ ಹೋದಳು. ಬರುವಾಗ ಮನೆಯಲ್ಲುಡುವ ಹಳೆಯ ನೂಲಿನ ಸೀರೆ ಉಟ್ಟುಕೊಂಡು ಬಂದಳು.