ಒಳಗಿನ ಸರಪಳಿ

ಹಾನಗಲ್ಲಿನ ಉಳಿವೆಪ್ಪ ಕಮ್ಮಾರ ಎಲ್ಲಿ ಶಟರ್ ಕೂಡಿಸಿದರೂ ಕೊನೆಗೆ ಒಂದು ಪರೀಕ್ಷೆ ಮಾಡುತ್ತಿದ್ದ. ಮಾಲಕನನ್ನೂ ನೋಡಲು ನೆರೆದವರನ್ನೂ ಹೊರಗೆ ಕಳಿಸಿ, ತಾನೊಬ್ಬನೇ ಒಳಗೆ ಉಳಿದು, ಶಟರನ್ನು ನೆಲಕ್ಕೆ ತಾಗುವವರೆಗೆ ಎಳೆದುಕೊಳ್ಳುತ್ತಿದ್ದ. ಕತ್ತಲಲ್ಲಿ ನಿಂತು ಹತ್ತು ಎಣಿಸಿ, ಒಳಗಿನಿಂದಲೇ ಅದನ್ನು ಎತ್ತಿ ಹೊರಗೆ ಬರುತ್ತಿದ್ದ. ಮಾಲಕ ಕೊಟ್ಟ ಎಲೆ ಅಡಿಕೆ ಮುಟ್ಟುವುದು ಆಮೇಲೆ. ಶಿಗ್ಗಾಂವಿಯ ಬಟ್ಟೆ ಅಂಗಡಿಯಾಗಲಿ, ಸವಣೂರಿನ ಕಿರಾಣಿಯಾಗಲಿ, ಹಿರೇಕೆರೂರಿನ ಗೊಬ್ಬರದ ಮಳಿಗೆಯಾಗಲಿ, ಈ ನೇಮ ತಪ್ಪಿದ್ದಿಲ್ಲ. ಜನ ನಗುತ್ತಿದ್ದರು.

"ಉಳಿವೆಪ್ಪಾ, ಒಳಗ ಯಾರ್ನರ ಇಟ್ಟಿಯೇನೋ?" ಎಂದು ಕೆಣಕುತ್ತಿದ್ದರು.

"ನನ್ನ ಜೀವಾ ಇಟ್ಟೇನ್ರಿ," ಎನ್ನುತ್ತಿದ್ದ.

ಅದು ಚೇಷ್ಟೆಯ ಮಾತಲ್ಲ. ಎಪ್ಪತ್ತೊಂದನೆಯ ಇಸವಿಯಲ್ಲಿ ಹಂಸಭಾವಿಯ ಒಂದು ಜೋಳದ ಗೋದಾಮಿನಲ್ಲಿ ಅವನು ಕೆಲಸ ಮಾಡುತ್ತಿದ್ದಾಗ ಶಟರ್ ಇಳಿದು ಸಿಕ್ಕಿಕೊಂಡಿತ್ತು. ಚೀಲಗಳಿಗೆ ಹುಳದ ಔಷಧ ಹಾಕಿದ್ದರು. ಕಣ್ಣು ಉರಿಯತೊಡಗಿತು, ಗಂಟಲು ಕಟ್ಟಿತು. ಸುತ್ತಿಗೆಯಿಂದ ತಗಡು ಬಡಿದ. ಹೊರಗಿದ್ದ ಹಮಾಲರು ಆ ಸಪ್ಪಳ ಕೇಳಿ, ಮಿಸ್ತ್ರಿ ಕೆಲಸ ಮಾಡುತ್ತಿದ್ದಾನೆ ಎಂದು ಬೀಡಿ ಹಚ್ಚಿಕೊಂಡು ಕೂತರು. ಬಡಿಯುವುದು ನಿಂತ ಮೇಲೆಯೇ ಒಬ್ಬನಿಗೆ ಸಂಶಯ ಬಂದು, ತಗಡು ಮೀಟಿ ಅವನನ್ನು ಹೊರಗೆಳೆದರು. ಅಂದಿನಿಂದ ಉಳಿವೆಪ್ಪನಿಗೆ ಎರಡು ಸಪ್ಪಳಗಳ ಗುರುತು ಹತ್ತಿತ್ತು: ಕೆಲಸದ ಸಪ್ಪಳ ಬೇರೆ, ಜೀವದ ಸಪ್ಪಳ ಬೇರೆ.

ಎಂಬತ್ಮೂರರಲ್ಲಿ ದಲಾಲಿ ಅಂಗಡಿಯ ಕರಬಸಪ್ಪ ಅವನನ್ನು ಕರೆಸಿದ. ಕರಬಸಪ್ಪ ಮುಂಬಯಿಗೆ ಹೋಗಿ ಬಂದಿದ್ದ. ಅಲ್ಲೊಬ್ಬ ವ್ಯಾಪಾರಿಯ ಬಂಗಲೆಯಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ತಾನಾಗಿ ತೆರೆಯುವ ಬಾಗಿಲು ಕಂಡಿದ್ದ. ಈಗ ತನ್ನ ಅಂಬಾಸಿಡರ್ ಕಾರಿನ ಶೆಡ್ಡಿಗೂ ಅದೇ ಬೇಕು.

"ಗುಂಡಿ ಒತ್ತಿದ್ರ ಏರಬೇಕು, ಇನ್ನೊಮ್ಮೆ ಒತ್ತಿದ್ರ ಇಳೀಬೇಕು. ಈ ನಾಕ ತಾಲೂಕಿನ್ಯಾಗ ಯಾರ ಮನ್ಯಾಗೂ ಇರಬಾರದು ನೋಡು. ಆಗತೈತೇನು?"

"ಆಗತೈತ್ರಿ," ಎಂದ ಉಳಿವೆಪ್ಪ. ಆಗುತ್ತದೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ಆದರೆ 'ನಾಕ ತಾಲೂಕು' ಎಂಬ ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತು.

ಹಳೆಯ ಹಿಟ್ಟಿನ ಗಿರಣಿಯ ಮೋಟರು ತಂದ. ಹುಬ್ಬಳ್ಳಿಯ ಗುಜರಿಯಲ್ಲಿ ಹಲ್ಲಿನ ಗಾಲಿಗಳನ್ನು ಆರಿಸಿದ. ಎರಡು ತಿಂಗಳು ತಿದ್ದಿ ತೀಡಿ ಬಾಗಿಲು ಎಬ್ಬಿಸಿದ. ಆ ಬಾಗಿಲಿಗೆ ಒಂದು ಗುಣವಿತ್ತು. ಕರೆಂಟ್ ಹೋದರೆ ಗಾಲಿಗಳು ಬಿಗಿದು ನಿಲ್ಲುತ್ತಿದ್ದವು, ಹತ್ತು ಆಳು ಸೇರಿ ಎತ್ತಿದರೂ ಶಟರ್ ಅಲುಗುತ್ತಿರಲಿಲ್ಲ. ಆಗ ಎತ್ತುವುದಕ್ಕೆಂದೇ ಒಂದು ಕೈಸರಪಳಿ ಬೇಕು. ಉಳಿವೆಪ್ಪ ಎರಡು ಸರಪಳಿ ಹಾಕುತ್ತೇನೆಂದ, ಹೊರಗೊಂದು, ಒಳಗೊಂದು.

"ಒಳಗ್ಯಾಕ?" ಎಂದ ಕರಬಸಪ್ಪ.

"ಒಳಗ ಮಂದಿ ಇರ್ತಾರಲ್ರಿ ಸಾವಕಾರ್ರ."

"ಒಳಗಿರಾಂವ ಯಾರು? ಡ್ರೈವರ್ ಮಜೀದ. ಅವಗ ಒಳಗಿಂದ ಬಾಗಲಾ ತಗಿಯಾಕ ಬಂತಂದ್ರ ನನ್ನ ಪೆಟ್ರೋಲ್ ಹೊಂಟ್ಹೋಕೈತಿ. ಅದಕ್ಕ ಕಿಡಕಿ ಸುದ್ದಾ ಇಟ್ಟಂಗಿ ಇಟ್ಟು ಮುಚ್ಚಿಸೇನಿ. ಹೊರಗ ಒಂದ ಸರಪಳಿ ಇರ್ಲಿ. ಅದನ್ನೂ ಕಬ್ಬಿಣದ ಡಬ್ಬಿಯೊಳಗ ಇಟ್ಟು ಕೀಲಿ ಹಾಕು. ಕೀಲಿಕೈ ನನ್ನ ಕಡೆ."

ಮಜೀದ ಹನ್ನೊಂದು ವರ್ಷದಿಂದ ಆ ಮನೆಯ ಕಾರು ಓಡಿಸುತ್ತಿದ್ದ. ಒಂದು ಹನಿ ಪೆಟ್ರೋಲ್ ಕದ್ದದ್ದನ್ನು ಯಾರೂ ಕಂಡಿರಲಿಲ್ಲ. ಕಾಣುವ ಅಗತ್ಯ ಯಾರಿಗಿತ್ತು? ಕಾರು ಇದ್ದವನಿಗೆ ಸಂಶಯವೂ ಕಾರಿನ ಜೊತೆಗೇ ಬರುತ್ತದೆ.

ಉಳಿವೆಪ್ಪ ಮೂರು ಸಲ ಒಲ್ಲೆನೆಂದ. ಮೂರನೆಯ ಸಲ ಕರಬಸಪ್ಪ, "ನಿನಗ ಆಗಲಿಲ್ಲಂದ್ರ ಹೇಳು, ಹುಬ್ಬಳ್ಳಿ ಮಿಸ್ತ್ರಿನ ಕರಸ್ತೇನಿ. ಬಾಗಲಾ ಅಂವ ಮಾಡಿದಾ ಅಂತ ಅಕ್ಕೈತಿ," ಎಂದ. ಆ ಮಾತು ನಾಟಿತು. ಇಲ್ಲಿ ಉಳಿವೆಪ್ಪನನ್ನು ದೇವರು ಮಾಡಿ ಪೂಜಿಸುವುದು ಬೇಡ. ಅವನು ಒಪ್ಪಿದ. ಒಳಗೆ ನಿಂತು ಹತ್ತು ಎಣಿಸುವ ಪರೀಕ್ಷೆಯನ್ನೂ ಬಿಟ್ಟ. ಮಾಡುವುದಾದರೂ ಹೇಗೆ? ಒಳಗಿನಿಂದ ತೆಗೆಯುವ ದಾರಿಯೇ ಇರಲಿಲ್ಲ.

ಬಾಗಿಲು ತೋರಿಸುವ ದಿನ ಮಹಾನವಮಿಯ ಖಂಡೆ ಪೂಜೆ, ಅಂದರೆ ಆಯುಧ ಪೂಜೆಯ ದಿನವೆಂದು ನಿಶ್ಚಯವಾಯಿತು. ಆ ದಿನ ಒಕ್ಕಲಿಗನ ಕುಡುಗೋಲು, ವ್ಯಾಪಾರಿಯ ತಕ್ಕಡಿ, ಕಮ್ಮಾರನ ಸುತ್ತಿಗೆ ಎಲ್ಲವೂ ತೊಳೆಸಿಕೊಂಡು, ವಿಭೂತಿ ಹಚ್ಚಿಸಿಕೊಂಡು ಪೂಜೆಗೆ ಕೂಡುತ್ತವೆ. ಕೂತ ಮೇಲೆ ಮರುದಿನ ದಶಮಿಯ ಬೆಳಗಿನವರೆಗೆ ಎತ್ತುವಂತಿಲ್ಲ. ಉಳಿವೆಪ್ಪನಷ್ಟು ಕಟ್ಟುನಿಟ್ಟಾಗಿ ಇದನ್ನು ನಡೆಸಿದವರು ಕಡಿಮೆ. ಒಮ್ಮೆ ಅದೇ ದಿನ ಅವನ ಸ್ವಂತ ಭಾವನ ಬಂಡಿಯ ಅಚ್ಚು ಮುರಿದು, ಎತ್ತುಗಳು ರಸ್ತೆಯಲ್ಲೇ ನಿಂತಿದ್ದವು. ಭಾವನಿಗೆ ಹೋಳಿಗೆ ಬಡಿಸಿದನೇ ಹೊರತು ಸುತ್ತಿಗೆ ಮುಟ್ಟಲಿಲ್ಲ.

ಆ ನವಮಿಯಂದು ಅವನ ಸಾಮಾನುಗಳು ಪೂಜೆಗೆ ಕೂತದ್ದು ಕರಬಸಪ್ಪನ ಪಡಸಾಲೆಯಲ್ಲಿ, ತಕ್ಕಡಿಯ ಪಕ್ಕದಲ್ಲಿ. ಕರಬಸಪ್ಪ ಮನೆಯ ಕೀಲಿಕೈಗಳನ್ನೆಲ್ಲ ತಂದು ಚೆಂಡುಹೂವಿನ ನಡುವೆ ಇಟ್ಟ. ಸರಪಳಿ ಡಬ್ಬಿಯ ಕೀಲಿಕೈಯೂ ಅದರಲ್ಲಿತ್ತು. ಅವನ ತಾಯಿ ಸರೋಜವ್ವ ಮಂಗಳಾರತಿ ಮಾಡಿ, ಅಲ್ಲಿಯೇ ಚಾಪೆಯ ಮೇಲೆ ಕಾವಲು ಕೂತಳು.

ಹೊರಗೆ ಹಲಗೆ ಬಾರಿಸುತ್ತಿದ್ದರು. ಊರ ಮಂದಿಯೆಲ್ಲ ಅಂಗಳದಲ್ಲಿ. ಬಾಗಿಲು ಮುಚ್ಚಿರಬೇಕು, ಒಳಗೆ ಮಜೀದ ಇಂಜಿನ್ ಚಾಲೂ ಮಾಡಿಕೊಂಡಿರಬೇಕು, ಕರಬಸಪ್ಪ ಕಟ್ಟೆಯ ಮೇಲಿನ ಗುಂಡಿ ಒತ್ತಬೇಕು, ಬಾಗಿಲು ತಾನಾಗಿ ಎದ್ದು ಹೂವಿನ ಕಾರು ನಿಂಬೆಹಣ್ಣು ತುಳಿದು ಹೊರಗೆ ಬರಬೇಕು. ಪೂಜೆಯಾದ ಗಾಡಿ ನಿಂಬೆಹಣ್ಣು ತುಳಿಯುವ ಮೊದಲೇ ಬಂದ್ ಬಿದ್ದರೆ ಅಪಶಕುನ.

"ಏನ ಆಗ್ಲಿ, ಇಂಜಿನ್ ಬಂದ್ ಮಾಡಬ್ಯಾಡ," ಎಂದು ಕರಬಸಪ್ಪ ಎರಡೆರಡು ಸಲ ಹೇಳಿದ.

ಮಜೀದನ ಹೆಂಡತಿ ದಾವಲಬಿಯೂ ನೋಡಲು ಬಂದಿದ್ದಳು. "ನನ್ನ ಲಗ್ನದಾಗ ಇವ್ರ ಕೊಳ್ಳಾಗ ಇಷ್ಟು ಹೂವು ಇರ್ಲಿಲ್ರಿ, ಇವತ್ತು ಗಾಡಿಗೆ ಹಾಕ್ಯಾರ," ಎಂದು ಹೆಂಗಸರನ್ನು ನಗಿಸಿದಳು. ಮಜೀದ ನಾಚಿಕೊಂಡು ಕಾರು ಹತ್ತಿದ. ಬಾಗಿಲು ಗುರುಗುಡುತ್ತ ಇಳಿಯಿತು. ಒಳಗೆ ಇಂಜಿನ್ ಚಾಲೂ ಆಯಿತು.

ಕರಬಸಪ್ಪ ಊದಿನಕಡ್ಡಿ ಬೆಳಗಿ, ಕಾಯಿ ಒಡೆದು, ಗುಂಡಿ ಒತ್ತಿದ. ಮೋಟರು ಒಮ್ಮೆ ಗುಂಯ್ ಎಂದು ಸುಮ್ಮನಾಯಿತು. ಪಡಸಾಲೆಯ ದೀಪವೂ ಆರಿತು. ಕರೆಂಟ್ ಹೋಗಿತ್ತು.

"ಬರ್ತೈತಿ, ಐದು ಮಿಂಟು ತಡೀರಿ. ಏ, ಹಲಗಿ ಯಾಕ ನಿಲ್ಲಿಸಿದ್ರಿ? ಬಾರಸ್ರೋ!" ಎಂದ ಕರಬಸಪ್ಪ.

ಐದು ನಿಮಿಷವಾಯಿತು. ಇನ್ನೊಂದು ಐದಾಯಿತು. ಉಳಿವೆಪ್ಪ ಶಟರಿಗೆ ಕಿವಿಗೊಟ್ಟ. ಇಂಜಿನ್ ಇನ್ನೂ ಓಡುತ್ತಿತ್ತು. ಕಿಡಕಿ ಇಲ್ಲ, ಬಾಗಿಲು ನೆಲಕ್ಕೆ ಕೂತಿದೆ, ಹೊಗೆ ಹೋಗಲು ಒಂದು ಬೆರಳಿನಷ್ಟೂ ಸಂದಿಲ್ಲ. ಆ ಸಂದನ್ನು ರಬ್ಬರ್ ಪಟ್ಟಿ ಹಾಕಿ ಮುಚ್ಚಿದವನು ಅವನೇ. ಹಲಗೆಯ ಸದ್ದಿನೊಳಗೆ ತಗಡಿನ ಮೇಲೆ ಬಡಿತ ಕೇಳಿಸಿತು. ಒಂದು, ಎರಡು. ತಡೆದು ಮೂರನೆಯದು.

"ಮಜೀದಾ! ಇಂಜಿನ್ ಬಂದ್ ಮಾಡೋ!" ಎಂದು ಚೀರಿದ.

"ಬಂದ್ ಮಾಡಸಬ್ಯಾಡಲೇ!" ಕರಬಸಪ್ಪ ಕಟ್ಟೆಯಿಂದಲೇ ಕೂಗಿದ.

"ಕೀಲಿಕೈ ಕೊಡ್ರಿ ಸಾವಕಾರ್ರ. ಒಳಗ ಹೊಗಿ ತುಂಬೇತಿ."

"ಕೀಲಿಕೈ ಪೂಜೆಗೆ ಕುಂತೈತಿ. ತಲಿ ನೆಟ್ಟಗೈತೇನು ನಿಂದು? ಕರೆಂಟ್ ಈಗ ಬರ್ತೈತಿ."

ದಾವಲಬಿಯ ನಗು ನಿಂತಿತ್ತು. "ಅಣ್ಣಾ, ಏನಾಗೇತಿ? ನಮ್ಮವರು ಯಾಕ ಬಡ್ಯಾಕತ್ತಾರ?" ಎಂದಳು. ಉಳಿವೆಪ್ಪ ಪಡಸಾಲೆಗೆ ಓಡಿದ.

ಪೂಜೆಯ ಗದ್ದುಗೆಯ ಮುಂದೆ ಅವನು ನಿಂತುಬಿಟ್ಟ. ತನ್ನ ಸುತ್ತಿಗೆ, ಅಪ್ಪನ ಕಾಲದ ಇಕ್ಕಳ, ಎಲ್ಲದರ ಮೇಲೆ ಬೆಳಿಗ್ಗೆ ತಾನೇ ಹಚ್ಚಿದ ವಿಭೂತಿ ಇನ್ನೂ ಹಸಿಯಾಗಿತ್ತು. ಅವುಗಳ ಮುಂದೆ ಕೀಲಿಕೈಗಳ ಗೊಂಚಲು. ಸರೋಜವ್ವ ಎದ್ದು ಎರಡೂ ಕೈ ಅಡ್ಡ ಹಿಡಿದಳು.

"ಏ ಉಳಿವೆಪ್ಪಾ! ಕಮ್ಮಾರ ಹುಟ್ಟಿ ನೀ ಖಂಡೆ ಎತ್ತತೀಯೇನೋ? ನನ್ನ ಮನಿಗೆ ಕೇಡು ತರಬ್ಯಾಡ. ನಿನ್ನ ಒಲಿ ಇನ್ನ ಹತ್ತೂದಿಲ್ಲ ನೋಡು."

ಅವನು ಕಿವಿ ಹೊರಗಿಟ್ಟು ನಿಂತಿದ್ದ. ಹಲಗೆಯವರು ದಣಿದು ನಿಲ್ಲಿಸಿದ್ದರು. ಇಂಜಿನ್ ಮಾತ್ರ ಕೇಳುತ್ತಿತ್ತು.

"ಯವ್ವಾ," ಎಂದ, "ಬಡಿಯೂದು ನಿಂತೈತಿ."

ಮುದುಕಿಯ ಕೈ ಕೆಳಗಿಳಿಯಲಿಲ್ಲ. ಅವನು ಆ ಕೈಯ ಅಡಿಯಲ್ಲಿ ಬಗ್ಗಿ ಹೂವಿನೊಳಗಿಂದ ಗೊಂಚಲು ಎತ್ತಿದ. ಆರತಿಯ ತಟ್ಟೆ ಉರುಳಿತು.

ಡಬ್ಬಿ ತೆರೆದು ಸರಪಳಿ ಜಗ್ಗತೊಡಗಿದ. ಆ ಗಾಲಿಗಳ ಲೆಕ್ಕ ಅವನದೇ: ಒಂದು ಮೊಳ ಸರಪಳಿ ಎಳೆದರೆ ಬಾಗಿಲು ಏಳುವುದು ಅರ್ಧ ಬೆರಳು. ಎರಡು ತಿಂಗಳು ಹೆಮ್ಮೆಪಟ್ಟಿದ್ದ ಲೆಕ್ಕ ಅದು. ಈಗ ಅಂಗೈ ಸುಲಿದು ರಕ್ತ ಬಂದರೂ ಬಾಗಿಲು ನಿಧಾನಕ್ಕೇ ಏಳುತ್ತಿತ್ತು. ಗೇಣು ಎತ್ತರವಾದಾಗ ಕೆಳಗಿನಿಂದ ಹೊಗೆ ಹರಿದು ಬಂತು. ಸೆರಗು ಮೂಗಿಗೆ ಸುತ್ತಿಕೊಂಡು ಮೊದಲು ನುಸುಳಿದವಳು ದಾವಲಬಿ. ಇಂಜಿನ್ ನಿಂತಿತು. ಆಮೇಲೆ ಅವಳು ಚೀರಿದ್ದು ಇಡೀ ಓಣಿಗೆ ಕೇಳಿಸಿತು.

ಮಜೀದ ಬಾಗಿಲ ಬುಡದಲ್ಲಿ ರಬ್ಬರ್ ಪಟ್ಟಿ ಕೂತಿದ್ದ ಜಾಗಕ್ಕೆ ಬಾಯಿ ಹಚ್ಚಿ ಬಿದ್ದಿದ್ದ. ಅಂಗಳಕ್ಕೆ ಎಳೆದು ತಂದು ನೀರು ಹಾಕಿದರು, ಗಾಳಿ ಬೀಸಿದರು. ಬಹಳ ಹೊತ್ತಿನ ಮೇಲೆ ವಾಂತಿ ಮಾಡಿಕೊಂಡು ಉಸಿರೆಳೆದ. ಚಕ್ಕಡಿಯಲ್ಲಿ ದವಾಖಾನೆಗೆ ಸಾಗಿಸುವಾಗ ಉಳಿವೆಪ್ಪ ಕೇಳಿದ:

"ಇಂಜಿನ್ ಯಾಕ ಬಂದ್ ಮಾಡ್ಲಿಲ್ಲೋ?"

"ಸಾವಕಾರ್ರು ಬ್ಯಾಡ ಅಂದಿದ್ರಲ್ಲೋ ಅಣ್ಣಾ. ಈಗ ಏಳತೈತಿ, ಈಗ ಏಳತೈತಿ ಅಂತ ಇದ್ದೆ. ಆಮ್ಯಾಲೆ ಗಾಡಿ ಕಡೆ ಹೋಗಾಕ ಕಾಲ ಬರ್ಲಿಲ್ಲ."

ಚಕ್ಕಡಿ ಓಣಿ ದಾಟುವ ಹೊತ್ತಿಗೆ ಶೆಡ್ಡಿನ ದೀಪ ಹತ್ತಿತು.

ಆ ಸಂಜೆ ಹಾನಗಲ್ಲಿನ ಕಟ್ಟೆಕಟ್ಟೆಗಳಲ್ಲಿ ನಡೆದ ಮಾತು ಯಾವುದು? ಒಬ್ಬ ಮನುಷ್ಯನನ್ನು ಪೆಟ್ರೋಲಿನ ಸಲುವಾಗಿ ಕಿಡಕಿಯಿಲ್ಲದ ಕೋಣೆಯಲ್ಲಿ ಕೀಲಿ ಹಾಕಿ ಇಟ್ಟದ್ದೇ? ಅಲ್ಲ. ಉಳಿವೆಪ್ಪ ಖಂಡೆ ಎತ್ತಿದ್ದು. ಅವನ ಕುಲುಮೆಯ ಒಲೆಗೆ ಕೆಲಸ ಕೊಡಬಾರದೆಂದು ಹೇಳಿದವರೂ ಇದ್ದರು. ಇನ್ನು ಐದು ನಿಮಿಷ ತಡೆದಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತೆಂದು ಕರಬಸಪ್ಪ ಹೇಳಿದ. ಕೇಳಿದವರು ಗೋಣು ಹಾಕಿದರು. ಐದು ನಿಮಿಷ! ಆ ಐದು ನಿಮಿಷ ಯಾರ ಎದೆಯೊಳಗಿನವೆಂದು ಕೇಳುವ ಒಂದು ಬಾಯಿಯೂ ಅಲ್ಲಿರಲಿಲ್ಲ.

ದಶಮಿಯ ಬೆಳಿಗ್ಗೆ ಉಳಿವೆಪ್ಪ ಅಂಗೈಗೆ ಅರಿವೆ ಸುತ್ತಿಕೊಂಡು ಬಂದ. ಕರಬಸಪ್ಪ ಬಾಗಿಲಲ್ಲೇ ತಡೆದ.

"ನಿನ್ನ ಸಾಮಾನು ತಗೊಂಡು ನಡಿ."

"ತಗೊಂಡು ಹೋಗ್ತೇನ್ರಿ. ಮದಲ ಒಳಗೊಂದು ಸರಪಳಿ ಹಾಕ್ತೇನಿ."

"ಯಾರ್ನ ಕೇಳಿ ಹಾಕ್ತಿ? ಮನಿ ನಂದು."

"ಮನಿ ನಿಮ್ದು. ಬಾಗಲಾ ನಾ ಮಾಡಿದ್ದು."

ಒಳಗಿನಿಂದ ಸರೋಜವ್ವ ಬಂದಳು. ಅವಳ ಕೈಯಲ್ಲಿ ಉಳಿವೆಪ್ಪನ ಸಾಮಾನಿನ ಚೀಲವಿತ್ತು. ಎಲ್ಲವನ್ನೂ ಒರೆಸಿ ತುಂಬಿದ್ದಳು.

"ನಿನ್ನೆ ನಾ ಇವನ್ನ ತಡದೆ," ಎಂದಳು ಮಗನಿಗೆ. "ಕೈ ಅಡ್ಡ ಹಿಡದು ತಡದೆ. ಆ ದಾವಲಬಿ ಚೀರಿದ್ದು ನನಗ ಇನ್ನ ಕೇಳಾಕತ್ತೈತಿ. ನೀ ಸರಿ ಆ ಕಡೆ." ಉಳಿವೆಪ್ಪನ ಮುಂದೆ ಚೀಲ ಇಟ್ಟಳು. "ಹಾಕೋ ತಮ್ಮಾ."

ಮಧ್ಯಾಹ್ನದ ಹೊತ್ತಿಗೆ ಒಳಗೊಂದು ಸರಪಳಿ ತೂಗಾಡಿತು. ಉಳಿವೆಪ್ಪ ಗುಂಡಿ ಒತ್ತಲು ಒಬ್ಬರನ್ನು ಕಟ್ಟೆಗೆ ಕಳಿಸಿ, "ಬರ್ರಿ ಸಾವಕಾರ್ರ, ಒಳಗ," ಎಂದ. ತಾಯಿ ನೋಡುತ್ತಿದ್ದಳು. ಕರಬಸಪ್ಪ ಒಳಗೆ ಹೋಗಿ ಅವನ ಪಕ್ಕದಲ್ಲಿ ನಿಂತ. ಬಾಗಿಲು ಇಳಿಯಿತು, ಮೋಟರಿನ ಕರೆಂಟ್ ತೆಗೆಸಲಾಯಿತು. ಹೊರಗಿದ್ದವರು ಹತ್ತು ಎಣಿಸಿದರು. ಇಪ್ಪತ್ತಾಯಿತು. ಮೂವತ್ತಾಯಿತು.

"ಸಾಕೋ ಉಳಿವೆಪ್ಪಾ, ತಗಿ," ಎಂದು ಕರಬಸಪ್ಪನ ದನಿ ಒಳಗಿನಿಂದ ಕೇಳಿತು.

"ನೀವ ಎಳೀರಿ," ಎಂದಿತು ಒಳಗಿನಿಂದಲೇ ಉಳಿವೆಪ್ಪನ ದನಿ.

ಸರಪಳಿಯ ಸಪ್ಪಳ ಹತ್ತಿತು. ಬಾಗಿಲು ಅರ್ಧ ಬೆರಳು, ಅರ್ಧ ಬೆರಳು ಏಳುತ್ತ ಬಂತು. ಬೆವರಿ, ಗ್ರೀಸಾದ ಕೈಯಲ್ಲಿ ಕರಬಸಪ್ಪ ಹೊರಗೆ ಬಂದು ನೆಟ್ಟಗೆ ಮನೆಯೊಳಗೆ ಹೋದ. ಸರೋಜವ್ವ ಎಲೆ ಅಡಿಕೆಯ ತಟ್ಟೆ ಹಿಡಿದಳು.

"ಮಜೀದ ಒಳಗಿಂದ ತಗದು ತೋರಸ್ಲಿ ಯವ್ವಾ. ಆಮ್ಯಾಲೆ," ಎಂದು ಉಳಿವೆಪ್ಪ ಚೀಲ ಹೆಗಲಿಗೇರಿಸಿದ.

ಎಂಟು ದಿನಕ್ಕೆ ಮಜೀದ ಬಂದ. ಶೆಡ್ಡಿನ ಹೊಸ್ತಿಲಲ್ಲಿ ಹಿಂದೆ ಸರಿದ. ದಾವಲಬಿ ಅವನ ರಟ್ಟೆ ಹಿಡಿದು ತಾನೂ ಒಳಗೆ ನಡೆದಳು. ಬಾಗಿಲು ಇಳಿಯಿತು. ಹೊರಗೆ ಉಳಿವೆಪ್ಪ ಎಣಿಸತೊಡಗಿದ: ಒಂದು, ಎರಡು, ಮೂರು.

"ಹತ್ತರತನಕಾ ಏನ ಬ್ಯಾಡ್ರೀ, ಲಗೂನ ಎಳೀರಿ!" ದಾವಲಬಿಯ ದನಿ ಒಳಗಿನಿಂದ ಬಂತು. ನಾಲ್ಕು ಎನ್ನುವ ಮೊದಲೇ ಸರಪಳಿ ಖಳಖಳ ಎಂದಿತು. ಉಳಿವೆಪ್ಪ ಸರೋಜವ್ವ ಹಿಡಿದಿದ್ದ ಎಲೆ ಅಡಿಕೆಯ ತಟ್ಟೆಗೆ ಕೈ ಚಾಚಿದ.