ತಂಗಿಯ ಹಳದಿ ಪುಡಿ

ಕಳೆದ ವಾರ ಒಂದು ಬಾಟಲಿ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಬಾಟಲಿಯ ಮೇಲಲ್ಲ, ಅದನ್ನು ಹಿಡಿದಿದ್ದ ಹುಡುಗಿಯ ಮೇಲೆ.

ತಂಗಿ ವಿನಯಾ ತೀರಿಕೊಂಡದ್ದು ನಿಮಗೆ ಗೊತ್ತು. (ಈ ಅಂಕಣ ನಡುವೆ ನಿಂತದ್ದು ಅದಕ್ಕೇ.) ಅವಳ ಸಾಮಾನು ತರಲು ಡೊಂಬಿವಲಿಯ ಮನೆಯಿಂದ ಖಾರಘರದ ಲ್ಯಾಬಿಗೆ ಹೋಗಿದ್ದೆ. ಬಿಸಿಲಿನಿಂದ ಕರೆಂಟ್ ತೆಗೆಯುವ ಪೆರೋವ್‌ಸ್ಕೈಟ್ ಎಂಬುದನ್ನು ಅವಳು ಅಲ್ಲಿ ತಯಾರಿಸುತ್ತಿದ್ದಳು. ನನಗೆ ತಿಳಿದದ್ದು ಇಷ್ಟು: ಅರಿಶಿನದಂತೆ ಕಾಣುವ ಲೆಡ್ ಅಯೋಡೈಡ್ ಪುಡಿ, ಜೊತೆಗೊಂದು ಬಿಳಿ ಉಪ್ಪು. ಎರಡನ್ನೂ ದ್ರಾವಕದಲ್ಲಿ ಕರಗಿಸಿ, ಗಾಜಿನ ಮೇಲೆ ತೆಳುವಾಗಿ ಹರಡಿ, ಬಿಸಿ ಮಾಡಿದರೆ ಕಪ್ಪು ಪದರವಾಗುತ್ತದೆ; ಅದಕ್ಕೆ ಅವರು ಫಿಲ್ಮ್ ಎನ್ನುತ್ತಾರೆ.

ಅವಳ ಜೂನಿಯರ್ ಶ್ರುತಿ, ಟಿಟ್ವಾಳಾದಲ್ಲಿ ಹುಟ್ಟಿ ಬೆಳೆದರೂ ನಮ್ಮ ಕಡೆಯ ಕನ್ನಡದ ಹುಡುಗಿ, ಬಾಗಿಲಲ್ಲೇ ನಿಂತಿದ್ದಳು.

"ದೀದಿ ದಿನಾ ನೆನಪಾಗ್ತಾರೆ, ಆಂಟಿ."

ದೀದಿಯಂತೆ. ಜಡೆ ಹಾಕಿಸಿಕೊಳ್ಳಲು ನನ್ನೆದುರು ಕೂರುತ್ತಿದ್ದವಳು ಯಾವಾಗ ಇನ್ನೊಬ್ಬಳಿಗೆ ಅಕ್ಕನಾದಳು? (ನಾನು ಮಾತ್ರ ಆಂಟಿ.)

ಕಪಾಟಿನಿಂದ ಶ್ರುತಿ ಒಂದು ಬಾಟಲಿ ತೆಗೆದಳು. ಲೇಬಲ್ ಮೇಲೆ ವಿನಯಾಳ ಅಕ್ಷರ. ತಳದಲ್ಲಿ ಸ್ವಲ್ಪ ಹಳದಿ ಪುಡಿ.

"ಇದನ್ನ ಕೊಡ್ತೀಯಾ?" ಎಂದೆ.

"ಇಲ್ಲ ಆಂಟಿ, ಇದ್ರಲ್ಲಿ ಸೀಸ ಉಂಟು. ವಿಷ. ಮನೆಗೆ ಅಲೌಡ್ ನಹೀ."

ಆಮೇಲೆ ಮೆಲ್ಲಗೆ ಹೇಳಿದಳು: "ದೀದಿ ಹೋದ ಮೇಲೆ ನಾನೂ ಇದನ್ನ ಮುಟ್ಲಿಲ್ಲ. ಹೊಸ ಬಾಟಲಿ ತೆಗೆದೆ. ಆದ್ರೆ ಫಿಲ್ಮ್ ಸರಿ ಬರ್ತಾ ಇಲ್ಲ, ತೂತು ತೂತು. ಒಂದು ಲಾಟಿನ ಪುಡಿ ಇದ್ದಂಗೆ ಇನ್ನೊಂದು ಲಾಟಿಂದು ಇರಲ್ಲ ಅಂತ ದೀದಿನೇ ಹೇಳ್ತಿದ್ರು. ಇದನ್ನ ಹಾಕಿದ್ರೆ ಬರಬಹುದು. ಆದ್ರೆ ಖಾಲಿ ಆಗ್ತದೆ. ಹಾಕ್ಲಾ?"

ಬೇಡ ಎನ್ನಬೇಕೆನಿಸಿತು. ನನಗೆ ಸಿಗದ್ದು ಇವಳಿಗೇಕೆ? ಮನೆಯಲ್ಲಿ ವಿನಯಾಳ ಸೀರೆಗಳನ್ನು ಯಾರೂ ಮುಟ್ಟದಂತೆ ಇಟ್ಟಿದ್ದೇನೆ. ಅತ್ತಿಗೆ ಒಂದನ್ನು ಕೇಳಿದಾಗಲೂ ಕೊಟ್ಟಿಲ್ಲ.

"ಹಾಕು," ಎಂದೆ. (ಪೂರ್ತಿ ಮನಸ್ಸಿನಿಂದಲ್ಲ.)

ನನ್ನನ್ನು ಗಾಜಿನ ಬಾಗಿಲಾಚೆ ನಿಲ್ಲಿಸಿದರು. ಒಳಗೆ ಶ್ರುತಿ ತೂಗಿದಳು, ಕರಗಿಸಿದಳು, ಹರಡಿದಳು. ಬಿಸಿಯ ಮೇಲಿಟ್ಟ ಗಾಜು ಕಪ್ಪಾಯಿತು. ಒಂದೂ ತೂತಿಲ್ಲ. ಅದನ್ನು ನನಗೆ ಕಾಣುವಂತೆ ಎತ್ತಿ ಹಿಡಿದಳು. ಕನ್ನಡಕದೊಳಗೆ ಅಳುತ್ತಿದ್ದಳು, ಕೈ ಮಾತ್ರ ಅಲುಗಲಿಲ್ಲ. ನಂತರ ಇನ್ನೊಂದು ಗಾಜಿಗೆ ಕೈಹಾಕಿದಳು.

ನಾನು ಬ್ಯಾಗು ಹಿಡಿದು ನಿಂತೇ ಇದ್ದೆ.

ದುಃಖದಲ್ಲೂ ಕೈಗೊಂದು ಕೆಲಸ ಇರುವವರನ್ನು ಕಂಡರೆ ನಿಮಗೆ ಹೊಟ್ಟೆ ಉರಿಯುವುದಿಲ್ಲವೇ?