ಬಾಣಂತನಕ್ಕೆ ಬತ್ತಲಗುಂಡು

ತಮಿಳುನಾಡಿನ ಚಿನ್ನಮನೂರಿನ ಪೆರಿಯಣ್ಣನ್ ಕಟ್ಟಿ ಕಳಿಸಿದ ಬಾಳೆಗೊನೆ ಘಟ್ಟ ಹತ್ತಿಳಿದು ಕೇರಳ ಮುಟ್ಟಿದರೂ ಒಂದು ಕಾಯಿಗೂ ಕಲೆ ಬೀಳುವುದಿಲ್ಲ. ಮೂವತ್ತು ವರ್ಷದ ಮಂಡಿ ವ್ಯಾಪಾರ. ಆ ಕೈಗೆ ಅಂಥ ಹೆಸರು. ಅದೇ ಕೈಯಲ್ಲಿ ಗಪ್ಪಿ ಮೀನಿನ ಒಂದು ಮರಿಯೂ ಉಳಿಯುತ್ತಿರಲಿಲ್ಲ.

ಗಪ್ಪಿ ಮೊಟ್ಟೆಯಿಡುವ ಜಾತಿಯಲ್ಲ, ಮರಿ ಹಾಕುತ್ತದೆ. ಹಾಕಿ, ತಿರುಗಿ ನೋಡಿ, ಕಂಡದ್ದನ್ನು ನುಂಗುತ್ತದೆ. ಹಜಾರದ ಗಾಜಿನ ತೊಟ್ಟಿಯಲ್ಲಿ ಐದು ಹೆರಿಗೆಗಳು ಹೀಗೇ ಹೊಟ್ಟೆಯಿಂದ ಹೊಟ್ಟೆಗೆ ಹೋಗಿದ್ದವು. ಗಾಜಿಗೆ ಮೂಗು ಒತ್ತಿ ಕಾಯುತ್ತಿದ್ದ ಪೆರಿಯಣ್ಣನ್ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು.

ಆರನೆಯದು ಹಾಗಾಗುವಂತಿರಲಿಲ್ಲ. ನವಿಲುಕತ್ತಿನ ಬಣ್ಣದ ಬಾಲವಿದ್ದ ಗಂಡು ಹಿಂದಿನ ವಾರ ಸತ್ತಿತ್ತು. ಅಂಥ ಬಾಲ ಅದನ್ನು ಮಾರಿದ ಅಂಗಡಿಯಲ್ಲೂ ಈಗ ಇಲ್ಲ. ಆ ನೀಲಿ ಉಳಿಯಬೇಕಾದರೆ ಈ ಹೆಣ್ಣಿನ ಹೊಟ್ಟೆಯಿಂದಲೇ ಬರಬೇಕು. ಹೆಣ್ಣಿಗೂ ವಯಸ್ಸಾಗಿತ್ತು.

ಹೆಂಡತಿ ಕಾಳಿಯಮ್ಮಾಳ್ ಬೆಳ್ಳುಳ್ಳಿ ಸುಲಿಯುತ್ತಲೇ ತೀರ್ಪು ಕೊಟ್ಟಳು.

"ಅಲ್ಲ ಮಾಮ, ಐದು ಹೆರಿಗೇನೂ ಗಂಡನ ಮನೇಲೇ ಮಾಡ್ಸಿದ್ರೆ ಯಾವ ಹೆಣ್ಣಿಗೆ ಸರಿಹೋಯ್ತದೆ? ನಾನೇನ್ ಮಗಳು ಪಾಂಡೀಶ್ವರೀನ ಈ ಮನೇಲಾ ಹೆತ್ತೆ? ನಮ್ಮಪ್ಪ ಕೊಂಬೈಯಿಂದ ಬಂದು ಕರ್ಕೊಂಡ್ ಓಗ್ಲಿಲ್ವಾ?"

"ಅಡಿಯೇ, ಅದು ಮೀನು!"

"ಹೆಣ್ಣಲ್ವಾ?"

ಅವಳಿಗದು ತಮಾಷೆ. ಆದರೆ ಐದು ಸಲ ಸೋತವನ ಕಿವಿಗೆ ತಮಾಷೆಯೂ ಶಾಸ್ತ್ರವಾಗಿಯೇ ಕೇಳುತ್ತದೆ. ಮೀನು ಹುಟ್ಟಿದ್ದು ಬತ್ತಲಗುಂಡಿನ ಮಾರಿಮುತ್ತುವಿನ ಅಂಗಡಿಯಲ್ಲಿ. ಮರಿಗಳಿಗೆ ಅಲ್ಲಿ ಬೇರೆ ತೊಟ್ಟಿಗಳೇ ಇವೆ. ತವರೆಂದರೆ ಇನ್ನೇನು? ಹೆರಿಗೆಗೆ ಅಲ್ಲಿಗೇ ಒಯ್ಯುವುದೆಂದು ನಿಶ್ಚಯಿಸಿದ. ಬಸ್ಸಿನಲ್ಲಿ ವಾಂತಿಯಾದೀತೆಂದು ಕಾಳಿಯಮ್ಮಾಳ್ ನಕ್ಕದ್ದನ್ನೂ ನಂಬಿ, ತುಂಬಿದ ಬಸುರಿಯನ್ನು ಎರಡು ದಿನ ಏನೂ ತಿನ್ನಿಸದೆ ಪಸ್ತು ಕೆಡವಿದ. ಮೂರನೆಯ ದಿನ ಬೆಳಿಗ್ಗೆ ಪ್ಲಾಸ್ಟಿಕ್ ಕವರಿನಲ್ಲಿ ನೀರು ತುಂಬಿ, ಮೀನು ಬಿಟ್ಟು, ಗಾಳಿ ಕಟ್ಟಿ, ಸುತ್ತ ಒಣ ಬಾಳೆಎಲೆ ಒತ್ತಿ ಪೆಟ್ಟಿಗೆಯಲ್ಲಿಟ್ಟ. ಕೇರಳಕ್ಕೆ ಹಣ್ಣು ಕಟ್ಟುವಷ್ಟೇ ಚೊಕ್ಕವಾಗಿತ್ತು. ಹಣ್ಣು ದಾರಿಯಲ್ಲಿ ಹೆರುವುದಿಲ್ಲ ಎಂಬುದೊಂದೇ ವ್ಯತ್ಯಾಸ.

ಬಸ್ಸು ತೇನಿ ದಾಟಿತು. ಪೆರಿಯಕುಳಂ ಬರುವ ಮುಂಚೆ ಮುಚ್ಚಳ ತೆಗೆದು ನೋಡಿದರೆ ಕವರಿನಲ್ಲಿ ಕಣ್ಣುಗಳು. ಸಾಸಿವೆಯಷ್ಟು ಕಣ್ಣು, ಅದರ ಹಿಂದೆ ಕೂದಲೆಳೆಯಷ್ಟು ಮೈ. ಹದಿನೈದೋ ಇಪ್ಪತ್ತೋ! ಪೆರಿಯಣ್ಣನ್‌ಗೆ ಕುಣಿಯಬೇಕೆನಿಸಿತು. ಅಷ್ಟರಲ್ಲಿ ತಾಯಿ ತಿರುಗಿ ನೋಡಿದಳು.

ಎಂದೂ ಒಂದು ಚೀಲ ಹೆಚ್ಚಿಗೆ ಇಲ್ಲದೆ ಮಂಡಿಗೆ ಹೋಗದವನು, ಇವತ್ತು ಇನ್ನೊಂದು ಕವರ್ ತಂದಿರಲಿಲ್ಲ. ಬೆರಳಿಂದ ಹೊರಗಿನಿಂದಲೇ ತಾಯಿಯನ್ನು ಒಂದು ಮೂಲೆಗೆ ಒತ್ತಿ ಹಿಡಿದ. ಬಸ್ಸು ಬ್ರೇಕ್ ಹಾಕಿತು, ಬೆರಳು ಜಾರಿತು.

"ಸಾಯಿ! ತಿನ್ಬೇಡವೇ, ನಿನ್ನ ಮಕ್ಕಳು ಕಣೇ!"

ಕಂಡಕ್ಟರ್ ಬಗ್ಗಿ ನೋಡಿ ತಮಿಳಿನಲ್ಲಿ ಕೇಳಿದ: "ಅಣ್ಣೇ, ಹತ್ತುವಾಗ ಒಬ್ಬರೇ ಇದ್ದಿರಿ. ಈಗ ಎಷ್ಟು ಟಿಕೆಟ್ ಕೊಡಲಿ?"

"ಸ್ವಲ್ಪ ತಾಳು, ಕಮ್ಮಿಯಾಗ್ತಾ ಅದೆ," ಎಂದು ಪೆರಿಯಣ್ಣನ್ ತನ್ನ ಮನೆಮಾತು ಕನ್ನಡದಲ್ಲೇ ಗದರಿದ.

ಬತ್ತಲಗುಂಡಿನಲ್ಲಿ ಇಳಿದಾಗ ಕವರಿನಲ್ಲಿ ಬಾಣಂತಿಯೊಬ್ಬಳೇ ಕಂಡಳು, ಹೊಟ್ಟೆ ಮತ್ತೆ ದುಂಡಗೆ. ಮಾರಿಮುತ್ತುವಿನ ಮನೆಮಾತೂ ಕನ್ನಡವೇ, ಹಾಗಾಗಿ ಬೈಗುಳವೂ ಮನೆಮಾತಿನಲ್ಲೇ ಬಿತ್ತು.

"ದಿನ ತುಂಬಿದ ಬಸುರೀನ ಬಸ್ಸಲ್ಲಿ ಕುಲುಕ್ಕೊಂಡು ಬತ್ತಾರಾ ಅಣ್ಣೇ? ತೊಟ್ಟೀಲಿ ಒಂದು ಹಿಡಿ ಪಾಚಿ ಹಾಕಿ, ಮರಿ ಅದ್ರೊಳಗೆ ಅವಿತ್ಕೊಂತವೆ ಅಂತ ಅವತ್ತೇ ಏಳ್ಲಿಲ್ವಾ?"

"ಪಾಚಿ ಹಾಕಿದ್ರೆ ಮೀನು ಕಾಣಲ್ವಲ್ಲಪ್ಪ."

"ಈಗ ಚೆನ್ನಾಗಿ ಕಾಣ್ತದಾ? ತಿನ್ನೋಕೇನ್ ಕೊಟ್ಟಿದ್ರಿ?"

"ಎರಡು ದಿನ ಪಸ್ತು."

ಮಾರಿಮುತ್ತು ಹಣೆ ಚಚ್ಚಿಕೊಂಡು ಕವರನ್ನು ಬಿಚ್ಚಿ ತಾಯಿಯನ್ನು ತೊಟ್ಟಿಗೆ ಬಿಟ್ಟ. ಉಳಿದ ನೀರು ಚೆಲ್ಲುವ ಮುನ್ನ ಬೆಳಕಿಗೆ ಹಿಡಿದು ನಿಂತ. ಕವರಿನ ಮಡಿಕೆಯೊಂದರಲ್ಲಿ ಎರಡು ಕಣ್ಣು ಸಿಕ್ಕಿಕೊಂಡಿದ್ದವು. ಅಲುಗಿದವು.

"ಒಂದದೆ ಅಣ್ಣೇ."

"ನೀಲಿ ಬಾಲ ಬತ್ತದಾ?"

"ಗಂಡಾದ್ರೆ ಬಂದ್ರೂ ಬರ್ಬೋದು. ಹೆಣ್ಣಾದ್ರೆ ಬಣ್ಣ ಎಲ್ಲಿಂದ? ಗೊತ್ತಾಗೋಕೆ ತಿಂಗಳಾದ್ರೂ ಬೇಕು."

ಪೆರಿಯಣ್ಣನ್ ತಾಯಿಯತ್ತ ನೋಡಲಿಲ್ಲ. "ಅವಳು ತಾಯಿಮನೇಲೇ ಬಿದ್ದಿರ್ಲಿ," ಎಂದವನೇ ಮರಿಯನ್ನು ನೀರಿನ ಬಾಟಲಿಯಲ್ಲಿಟ್ಟು, ಒಂದು ಹಿಡಿ ಪಾಚಿಯನ್ನೂ ತುರುಕಿಕೊಂಡು ಬಸ್ಸು ಹತ್ತಿದ. ಪಾಚಿಯೊಳಗೆ ಹೊಕ್ಕ ಮರಿ ಮತ್ತೆ ಕಾಣಲಿಲ್ಲ. ಇದೆಯೋ ಸತ್ತಿತೋ ಎಂದು ಬಾಟಲಿ ಅಲುಗಿಸುವಂತೆಯೂ ಇಲ್ಲ. ಮೊಣಕಾಲಿನ ನಡುವೆ ಅದನ್ನು ಹಿಡಿದು ಕೂತಾಗ ಕಾಳಿಯಮ್ಮಾಳ್ ಫೋನ್ ಮಾಡಿದಳು.

"ಏನ್ ಮಾಮ, ಹೆರಿಗೆ ಆಯ್ತಾ? ಗಂಡಾ ಹೆಣ್ಣಾ?"

"ಇನ್ನೊಂದು ತಿಂಗಳು ಬಾಯಿ ಮುಚ್ಕೊಂಡಿರು!" ಎಂದು ಪೆರಿಯಣ್ಣನ್ ಕೂಗಿದ ರಭಸಕ್ಕೆ ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು.